ಬಣ್ಣ ರಜೆ ಹಾಕಿದ ಜಾಗ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವರು ಕಾಲೇಜಿನವರಲ್ಲ. ಅರಕಲಗೂಡಿನ ಕಡೆಯ ಸ್ವಾಮೀಗೌಡರು ಬೆಳಗ್ಗೆ ಫೋನು ಮಾಡಿ, "ಸಾ, ಮೇಡಮ್ನೋರು ಓಗ್ಬುಟ್ರಂತೆ. ಒಳೆನರಸೀಪುರಕ್ಕೆ ಒಂಟಿವ್ನಿ. ನೀವೂ ಬತ್ತೀರಾ?" ಎಂದರು. ಯಾವ ಮೇಡಂ ಎಂದು ನಾನು ಕೇಳಲಿಲ್ಲ. ಕಬ್ಬಿಣದ ಪೈಪುಗಳಿಗೆ ಬಣ್ಣ ಬಳಿಯುವ ತಂಡದ ಮೇಸ್ತ್ರಿಯಾದ ಅವರಿಗೂ ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ನನಗೂ, ಇಬ್ಬರಿಗೂ ಗೊತ್ತಿದ್ದ ಮೇಡಂ ಒಬ್ಬರೇ.

ದೇವಸ್ಥಾನದ ಹಿಂದಿನ ಬೀದಿಯ ಮನೆ. ಅವರ ತಂಗಿ ಬಾಗಿಲಲ್ಲಿ ನಿಂತಿದ್ದರು. ಕಾಲೇಜಿನವರು ಹಾರ ತಂದಿದ್ದರು. ಶಿಸ್ತು, ಪ್ರಾಮಾಣಿಕತೆ, ಕರ್ತವ್ಯನಿಷ್ಠೆ ಅಂತ ಒಬ್ಬೊಬ್ಬರೂ ಎರಡೆರಡು ಮಾತು ಹೇಳಿದರು. ಯಾವುದೂ ಸುಳ್ಳಲ್ಲ. ಆದರೆ ಆ ಮಾತುಗಳನ್ನು ನಮ್ಮ ಕಾಲೇಜಿನಲ್ಲಿ ನಿವೃತ್ತರಾದ ಎಲ್ಲರಿಗೂ ಹೇಳಿದ್ದೇವೆ. ಸ್ವಾಮೀಗೌಡರು ನನ್ನ ಪಕ್ಕಕ್ಕೆ ಬಂದು, "ಇವ್ರು ಯಾರ್ ಬಗ್ಗೆ ಮಾತಾಡ್ತಾವ್ರೆ ಸಾ?" ಎಂದು ಪಿಸುಗುಟ್ಟಿದರು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಅವರು ಎಲೆಕ್ಟ್ರಿಕಲ್ ವಿಭಾಗದವರು. ಅವರ ಹೈ ವೋಲ್ಟೇಜ್ ಲ್ಯಾಬು ನನ್ನ ಕೆಮಿಸ್ಟ್ರಿ ಲ್ಯಾಬಿನ ಎದುರಿಗಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಅವರು ಬಾಗಿಲು ತಳ್ಳಿಕೊಂಡು ಬಂದು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಮೂಗೆತ್ತಿ ಗಾಳಿಯನ್ನು ಎಳೆದುಕೊಂಡರು.

"ವಾರ್ನಿಷ್ ಸುಟ್ಟಿದೆ. ಪ್ಲಾಸ್ಟಿಕ್ ಅಲ್ಲ. ಯಾವುದ್ರೀ ಅದು?"

ದ್ರಾವಣ ಕಲಕುವ ಪುಟ್ಟ ಮೋಟಾರು ಆಗಷ್ಟೇ ಸತ್ತಿತ್ತು. ತೋರಿಸಿದೆ. ಯಾಕೆ ಸುಟ್ಟಿರಬಹುದು ಮೇಡಂ ಎಂದು ಕೇಳಿದೆ.

"ಅದು ಆಮೇಲೆ. ಇಷ್ಟು ವರ್ಷ ಯಾಕೆ ಸುಟ್ಟಿರಲಿಲ್ಲ? ಅದನ್ನ ಮೊದಲು ಹೇಳಿ."

ನನಗೆ ಇದು ತಮಾಷೆಯೋ ಬೈಗುಳವೋ ತಿಳಿಯಲಿಲ್ಲ. ಮೋಟಾರನ್ನು ಸೆರಗಿನ ಮರೆಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಹೋದರು. ಒಂದು ವಾರ ಬಿಟ್ಟು ಬಂದು ನನ್ನ ಲ್ಯಾಬಿನ ಮೂಲೆಯಲ್ಲಿದ್ದ, ಆಸಿಡ್ ಹೊಗೆಯನ್ನು ಹೊರಕ್ಕೆಳೆಯುವ ಫ್ಯಾನನ್ನು ತೋರಿಸಿ, "ಇದು ಕೆಟ್ಟು ಎಷ್ಟು ದಿನ ಆಯ್ತು?" ಎಂದರು. ಕೆಲವು ತಿಂಗಳಾಗಿತ್ತು. ರಿಪೇರಿಗೆ ಬರೆದು ಹಾಕಿ ನಾನೂ ಮರೆತಿದ್ದೆ. ತಾಮ್ರದ ತಂತಿಯ ಮೇಲಿನ ವಾರ್ನಿಷ್ಷನ್ನು ಆಸಿಡ್ ಹೊಗೆ ದಿನಾ ಸ್ವಲ್ಪ ಸ್ವಲ್ಪ ತಿಂದಿತ್ತು. ಪೊರೆ ತೆಳ್ಳಗಾದ ಕಡೆ ಒಂದು ಸುತ್ತಿನ ಕರೆಂಟು ಪಕ್ಕದ ಸುತ್ತಿಗೆ ಹಾರಿತ್ತು.

"ನಿಮ್ಮ ಮೋಟಾರನ್ನ ಇಷ್ಟು ದಿನ ಕಾಪಾಡ್ತಿದ್ದದ್ದು ಆ ಫ್ಯಾನು. ಕೆಟ್ಟಿದ್ದು ಯಾಕೆ ಕೆಡ್ತು ಅಂತ ಎಲ್ರೂ ಕೇಳ್ತಾರೆ ಕೆಮಿಸ್ಟ್ರಿ. ಅದನ್ನ ಕಾಯ್ತಾ ಇದ್ದವರು ಯಾರು ಅಂತ ಯಾರೂ ಕೇಳಲ್ಲ."

ಅವತ್ತಿನಿಂದ ನನ್ನ ಹೆಸರು ಕೆಮಿಸ್ಟ್ರಿ. ಕೊನೆಯವರೆಗೂ ಅದೇ. ನನ್ನ ಮದುವೆಯ ಉಡುಗೊರೆಯ ಮೇಲೂ "ಕೆಮಿಸ್ಟ್ರಿ ದಂಪತಿಗಳಿಗೆ" ಎಂದು ಬರೆದಿದ್ದರು. ನನ್ನ ಹೆಂಡತಿ ಕನ್ನಡ ಟೀಚರು.

ತೆಳ್ಳನೆಯ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಲ್ಯಾಬಿನೊಳಗೆ ರಬ್ಬರ್ ಚಪ್ಪಲಿ. ಬಾಗಿಲ ಚಿಲಕವಿರಲಿ, ನಲ್ಲಿಯಿರಲಿ, ಫ್ರಿಜ್ ಇರಲಿ, ಲೋಹದ ಯಾವುದನ್ನೇ ಆಗಲಿ ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟುತ್ತಿದ್ದರು. ಕರೆಂಟು ಹರಿದಾಗ ಕೈ ಮುಷ್ಟಿ ಕಟ್ಟುತ್ತದೆ. ಅಂಗೈಯಿಂದ ಮುಟ್ಟಿದರೆ ಹಿಡಿದುಕೊಂಡುಬಿಡುತ್ತದೆ, ಹಿಂಬದಿಯಿಂದ ಮುಟ್ಟಿದರೆ ದೂರ ಸರಿಯುತ್ತದೆ ಎಂದು ಪ್ರತಿ ವರ್ಷ ಮೊದಲ ಕ್ಲಾಸಿನಲ್ಲೇ ಹೇಳುತ್ತಿದ್ದರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಂಬಿಯನ್ನೂ ಹಾಗೇ ಮುಟ್ಟಿ ಹತ್ತುವುದನ್ನು ನಾನು ಕಂಡಿದ್ದೇನೆ.

ಹುಡುಗರಿಗೆ ಅವರೆಂದರೆ ಹೆದರಿಕೆ, ಆದರೆ ಅವರ ಹಪ್ಪಳದ ಕ್ಲಾಸನ್ನು ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಬ್ಬಿಣದ ಜಾಲರಿಯೊಳಗೆ ಎರಡು ಹಿತ್ತಾಳೆ ಗುಂಡುಗಳು. ನಡುವೆ ಏನನ್ನಾದರೂ ಇಟ್ಟು ಹೊರಗಿನಿಂದ ವೋಲ್ಟೇಜು ಏರಿಸುತ್ತಾ ಹೋಗುವುದು. ಆ ವಸ್ತು ತಾಳುವಷ್ಟು ತಾಳಿ, ಆಮೇಲೆ ಛಟ್ ಎಂದು ತೂತು ಬೀಳುತ್ತದೆ. ಮನೆಯಿಂದ ಏನು ಬೇಕಾದರೂ ತನ್ನಿ ಎನ್ನುತ್ತಿದ್ದರು. ತೆಂಗಿನ ಚಿಪ್ಪು, ಒಣಗಿದ ಅಡಿಕೆ ಹಾಳೆ, ಅಜ್ಜಿಯ ರೇಷ್ಮೆ ಸೀರೆಯ ಚೂರು ಎಲ್ಲ ಬರುತ್ತಿದ್ದವು. ಹಪ್ಪಳ ಮಾತ್ರ ಅವರದ್ದೇ. ಹಸಿ ಹಪ್ಪಳ ಇಟ್ಟರೆ ಬೇಗ ಸೋಲುತ್ತಿತ್ತು. ಬಿಸಿಲಿನಲ್ಲಿ ಗರಿಗರಿ ಒಣಗಿದ್ದು ಚೆನ್ನಾಗಿ ತಾಳುತ್ತಿತ್ತು. ಕರಿದದ್ದು? ಅಲ್ಲಿ ಕ್ಲಾಸು ಎರಡು ಪಕ್ಷವಾಗುತ್ತಿತ್ತು. ಎಣ್ಣೆ ಕುಡಿದಿದೆ, ತಾಳುತ್ತೆ ಎಂದು ಒಂದು ಪಕ್ಷ, ಇಲ್ಲ ಎಂದು ಇನ್ನೊಂದು.

ಕರಿದ ಹಪ್ಪಳ ಪಟ್ಟನೆ ಸೋಲುತ್ತಿತ್ತು.

"ಒಳಗೆ ಗಾಳಿಗುಳ್ಳೆ ಇದೆ," ಎನ್ನುತ್ತಿದ್ದರು. "ಕಣ್ಣಿಗೆ ದಪ್ಪಗೆ ಕಾಣುತ್ತೆ, ಆದರೆ ಕರೆಂಟಿಗೆ ದಪ್ಪ ಬೇಕಾಗಿಲ್ಲ. ಎಲ್ಲಿ ಬಡವಾಗಿದೆ ಅಂತ ಹುಡುಕುತ್ತೆ." ಒಮ್ಮೆ ವಾಸನೆ ಹಿಡಿದು ಪ್ರಿನ್ಸಿಪಾಲರೇ ಬಂದು, ಲ್ಯಾಬಿನಲ್ಲಿ ಅಡುಗೆ ಮಾಡುತ್ತಿದ್ದೀರಾ ಎಂದು ಕೇಳಿದರು. ಇವರು ಇನ್ನೂ ತೂತು ಬೀಳದ ಒಂದು ಕರಿದ ಹಪ್ಪಳವನ್ನು ಕಾಗದದ ಮೇಲಿಟ್ಟು ಕೊಟ್ಟರು. ಅವರು ತಿಂದುಕೊಂಡು ಹೋದರು.

ಇಷ್ಟೊಂದು ಕುತೂಹಲ ಎಲ್ಲಿಂದ ಬಂತು ಎಂದು ನಾನು ಕೇಳಿದ್ದು ಒಂದೇ ಸಲ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಬಹಳ ಸಾಮಾನ್ಯ ದನಿಯಲ್ಲಿ ಹೇಳಿದರು. ಚಿಕ್ಕಂದಿನಲ್ಲಿ ಅವರನ್ನು ಸಾಕಿದವರು ಸೋದರತ್ತೆ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಇತ್ತು. ಬಚ್ಚಲುಮನೆಯ ಬಲ್ಬಿಗೆ ಹೋಗುವ ವೈರು ಅದಕ್ಕೆ ತಾಗಿಕೊಂಡೇ ಹೋಗುತ್ತಿತ್ತು. ವೈರಿನ ಹೊದಿಕೆ ಬಿಸಿಲಿಗೆ ಬಿರಿದಿತ್ತು. ಒಂದು ದಿನ ಅತ್ತೆ ಒದ್ದೆ ಸೀರೆ ಹರವಲು ಹೋದವರು ಬೀಳಲೂ ಇಲ್ಲ, ಕೂಗಲೂ ಇಲ್ಲ. ತಂತಿ ಹಿಡಿದುಕೊಂಡೇ ನಿಂತಿದ್ದರು.

"ಎಲ್ರೂ ವಿಧಿ ಅಂದ್ರು. ನನಗೆ ಒಂದೇ ಯೋಚನೆ. ಆ ವೈರು ನಾನು ಹುಟ್ಟೋಕೆ ಮುಂಚಿಂದ್ಲೂ ಅಲ್ಲೇ ಇತ್ತು. ಅತ್ತೆ ದಿನಾ ಅಲ್ಲೇ ಬಟ್ಟೆ ಒಣಹಾಕ್ತಿದ್ರು. ಅದರ ಹಿಂದಿನ ದಿನ ಯಾಕೆ ಏನೂ ಆಗಲಿಲ್ಲ?"

ಕಾಫಿ ಮುಗಿಸಿ ಎದ್ದರು. ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಈಗ ಪೈಪಿನ ವಿಷಯ. ಅವರು ಎಂಥವರೆಂದು ನಾನು ಸರಿಯಾಗಿ ನೋಡಿದ್ದು ಅಲ್ಲೇ.

ಹೊಳೆಯಿಂದ ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಒಯ್ಯುವ ಕೆಲಸ ನಡೆದಿತ್ತು. ಮಣ್ಣಿನಲ್ಲಿ ಹೂಳುವ ಉಕ್ಕಿನ ಪೈಪು. ಬರಿಮೈಯಲ್ಲಿ ಹೂಳಿದರೆ ತುಕ್ಕು ತಿನ್ನುತ್ತದೆ, ಅದಕ್ಕೆ ಹೊರಮೈಗೆಲ್ಲ ಎಪಾಕ್ಸಿ ಎಂಬ ಗಟ್ಟಿ ಬಣ್ಣ ಬಳಿಯುತ್ತಾರೆ. ಆ ಬಣ್ಣದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಕಷ್ಟ. ಬಣ್ಣವೇ ಇಲ್ಲದ ಕಬ್ಬಿಣಕ್ಕೆ ತುಕ್ಕು ಮೈಯೆಲ್ಲ ಹರಡಿಕೊಂಡು ನಿಧಾನವಾಗಿ ಹಿಡಿಯುತ್ತದೆ. ಒಂದೇ ತೂತಿದ್ದರೆ ಎಲ್ಲ ದಾಳಿಯೂ ಆ ಒಂದು ಚುಕ್ಕಿಯ ಮೇಲೆ. ಪೈಪು ಬೇಗ ತೂತಾಗುತ್ತದೆ. ಇಂಥ ತೂತನ್ನು ಆ ಕಸುಬಿನವರು ಹಾಲಿಡೇ ಎನ್ನುತ್ತಾರೆ. ಮೇಡಂ ಅದನ್ನು "ಬಣ್ಣ ರಜೆ ಹಾಕಿದ ಜಾಗ" ಎನ್ನುತ್ತಿದ್ದರು.

ಕಣ್ಣಿಗೆ ಕಾಣದ ಆ ರಜೆಯನ್ನು ಹಿಡಿಯುವುದು ಕರೆಂಟಿನಿಂದ. ಹೆಗಲಿಗೆ ಒಂದು ಪೆಟ್ಟಿಗೆ, ಕೈಯಲ್ಲೊಂದು ಕೋಲು, ಕೋಲಿನ ತುದಿಯಲ್ಲಿ ಹಿತ್ತಾಳೆ ತಂತಿಯ ಕುಚ್ಚು. ಸಾವಿರಾರು ವೋಲ್ಟಿನ ಆ ಕುಚ್ಚನ್ನು ಬಣ್ಣದ ಮೇಲೆ ಗುಡಿಸುತ್ತಾ ಹೋಗಬೇಕು. ಬಣ್ಣ ಗಟ್ಟಿಯಿದ್ದರೆ ಕರೆಂಟಿಗೆ ದಾರಿಯಿಲ್ಲ. ತೂತಿದ್ದರೆ ಅಲ್ಲಿ ಕಬ್ಬಿಣಕ್ಕೆ ಕಿಡಿ ಹಾರುತ್ತದೆ, ಪೆಟ್ಟಿಗೆ ಕಿರ್ ಎನ್ನುತ್ತದೆ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಆ ಜಾಗಕ್ಕೆ ಮತ್ತೆ ಬಣ್ಣ ಹಚ್ಚುತ್ತಾರೆ. ಕೆಲಸದವರು ಆ ಕುಚ್ಚನ್ನು ಪೊರಕೆ ಎಂದೇ ಕರೆಯುತ್ತಿದ್ದರು. ಪರೀಕ್ಷೆ ಮಾಡಿಕೊಡುವ ಜವಾಬ್ದಾರಿ ನಮ್ಮ ಕಾಲೇಜಿನದು, ಅಂದರೆ ಮೇಡಂ ಅವರದು. ಬಣ್ಣದ ಗುಣ ನೋಡಲು ನನ್ನನ್ನೂ ಜೊತೆಗೆ ಕರೆದೊಯ್ದರು.

ಅಲ್ಲೇ ಸ್ವಾಮೀಗೌಡರನ್ನು ಕಂಡದ್ದು. ದೊಡ್ಡ ಮೀಸೆ, ಮೊಣಕೈವರೆಗೆ ಬಣ್ಣದ ಕಲೆ. ಅವರ ತಂಡದಲ್ಲಿ ಅವರ ಊರಿನವರೇ, ತಮ್ಮಂದಿರು, ಷಡ್ಡಕ, ಅತ್ತಿಗೆಯ ಕಡೆಯವರು. ಒಂದು ಸಾಲು ಪೈಪಿಗೆ ಬಳಿದು ಒಣಗಿಸಿ ಕಾಯುತ್ತಿದ್ದರು. ಮೊದಲ ದಿನ ಮೇಡಂ ಪೊರಕೆ ಆಡಿಸಿದಾಗ ಕೆಲವು ಕಡೆ ಕಿಡಿ ಹಾರಿತು. ಬಿಳಿ ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಅಂಥ ದೊಡ್ಡ ವಿಷಯವಲ್ಲ. ತೇಪೆ ಹಚ್ಚಿದರು. ಅದು ಒಣಗಿದ ಮೇಲೆ ಮೇಡಂ ತೇಪೆಗಳನ್ನಷ್ಟೇ ನೋಡಬಹುದಿತ್ತು. ನೋಡಲಿಲ್ಲ. ಇಡೀ ಸಾಲಿಗೇ ಮತ್ತೆ ಪೊರಕೆ ಆಡಿಸಿದರು. ಈ ಸಲ ಹಳದಿ ಸೀಮೆಸುಣ್ಣ. ಮೊದಲಿಗಿಂತ ಹೆಚ್ಚು ಕಿಡಿ, ಅದೂ ಹೊಸ ಹೊಸ ಜಾಗಗಳಲ್ಲಿ. ಮತ್ತೆ ತೇಪೆ, ಮತ್ತೆ ಪೂರ್ತಿ ಪರೀಕ್ಷೆ. ಇನ್ನೂ ಹೆಚ್ಚು.

"ಏನ್ ಮೇಡಮ್ನೋರೆ ಇದು, ಅಮ್ಮ ಎದ್ದಂಗೆ ಏಳ್ತಾವಲ್ಲ!" ಎಂದರು ಸ್ವಾಮೀಗೌಡರು. ಹಳದಿ ಸುತ್ತುಗಳು ನಿಜಕ್ಕೂ ಸಿಡುಬಿನ ಹಾಗೇ ಕಾಣುತ್ತಿದ್ದವು.

"ಬಣ್ಣ ಕಲಸೋವಾಗ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಇಲ್ಲ ಕಣ್ರವ್ವ. ನಮ್ ಮಕ್ಳಾಣೆಗೂ ಇಲ್ಲ. ಡಬ್ಬದ ಮ್ಯಾಲೆ ಎಂಗೆ ಬರ್ದದೋ ಅಂಗೇ ಕಲ್ಸಿದೀವಿ."

ಯೋಜನೆಯ ಎಂಜಿನಿಯರು ಕಾಯುವವರಲ್ಲ. ಕಳಪೆ ಕೆಲಸ ಎಂದರು. ಮೇಡಂ ಆ ಸಾಲು ತಿರಸ್ಕೃತ ಎಂದು ವರದಿ ಕೊಟ್ಟರು. ನಿಯಮದ ಪ್ರಕಾರ ಅದೇ ಸರಿ. ಬಣ್ಣವನ್ನೆಲ್ಲ ಮರಳು ಚಿಮ್ಮಿಸಿ ಕಿತ್ತು, ಬೇರೆ ತಂಡದಿಂದ ಹೊಸದಾಗಿ ಬಳಿಸುವುದು, ಸ್ವಾಮೀಗೌಡರ ತಂಡವನ್ನು ಮನೆಗೆ ಕಳಿಸುವುದು, ಮುಂದೆ ಎಲ್ಲೂ ಅವರನ್ನು ಕರೆಯದಿರುವುದು ಎಂದು ತೀರ್ಮಾನವಾಯಿತು. ತಂಡದವರು ತಮ್ಮ ಪಾತ್ರೆಪಗಡ ಕಟ್ಟುತ್ತಿದ್ದಾಗ ನಾವು ಅಲ್ಲಿಂದ ಹೊರಟೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿ ಕಡೆ ತಿರುಗಿ ಕುಳಿತಿದ್ದರು. ಬಸ್ಸು ಚನ್ನರಾಯಪಟ್ಟಣ ದಾಟಿದ ಮೇಲೆ ಥಟ್ಟನೆ ನನ್ನ ಕಡೆ ತಿರುಗಿದರು.

"ಕೆಮಿಸ್ಟ್ರಿ, ಹಳದಿ ಸುತ್ತಿನ ಜಾಗಗಳಲ್ಲಿ ಮೊದಲ್ನೇ ದಿನ ಯಾಕೆ ಕಿಡಿ ಬರಲಿಲ್ಲ?"

"ಅವತ್ತು ಪೊರಕೆ ಸರಿಯಾಗಿ ತಾಗಿರಲಿಲ್ಲವೇನೋ."

"ನಾನೇ ಆಡಿಸಿದ್ದು. ತಾಗಿತ್ತು." ಬೆರಳಿನಲ್ಲಿ ಕಿಟಕಿ ಗಾಜಿನ ಮೇಲೆ ಒಂದು ಸುತ್ತು ಬರೆದರು. "ಅವತ್ತು ಇಲ್ದೇ ಇದ್ದ ತೂತು ಇವತ್ತು ಹೇಗೆ ಬರುತ್ತೆ? ಪೈಪು ಅಲ್ಲಾಡಿಲ್ಲ. ಮಳೆ ಬಂದಿಲ್ಲ. ಯಾರೂ ಮುಟ್ಟಿಲ್ಲ."

ಆ ಕೊನೆಯ ಮಾತು ಹೇಳುತ್ತಲೇ ಅವರ ಬಾಯಿ ಹಾಗೇ ತೆರೆದುಕೊಂಡಿತು. ಮುಟ್ಟಿದವರು ಒಬ್ಬರಿದ್ದರು.

ಮಾರನೆಯ ಬೆಳಗ್ಗೆ ಮತ್ತೆ ಸೈಟಿಗೆ ಹೋಗಿ, ಬಿಳಿ ಸುತ್ತಿನ ಮತ್ತು ಹಳದಿ ಸುತ್ತಿನ ಜಾಗಗಳಿಂದ ಬಣ್ಣದ ಚಕ್ಕೆಗಳನ್ನು ಬ್ಲೇಡಿನಿಂದ ಎಬ್ಬಿಸಿ ತಂದರು. ಜೊತೆಗೆ, ಸ್ವಾಮೀಗೌಡರ ತಂಡ ಅದೇ ಬಣ್ಣ ಬಳಿದು ಇಟ್ಟಿದ್ದ ತಗಡಿನ ಮಾದರಿ ತುಂಡುಗಳನ್ನೂ ತಂದರು. ನನ್ನ ಮೈಕ್ರೋಸ್ಕೋಪಿನ ಕೆಳಗೆ ಬಿಳಿ ಸುತ್ತಿನದು ಒಡೆದ ಗುಳ್ಳೆಯ ಹಾಗೆ ಕಂಡಿತು. ಅಂಚು ದುಂಡಗೆ, ನಡುವೆ ಒಂದು ಧೂಳಿನ ಕಣ. ಅದು ಬಣ್ಣ ಒಣಗುವಾಗಲೇ ಆದ ತೂತು. ಹಳದಿ ಸುತ್ತಿನದು ಬೇರೆ. ನೇರವಾಗಿ ಕೊರೆದ ಕೂದಲೆಳೆಯಂಥ ಸುರಂಗ, ಗೋಡೆಯೆಲ್ಲ ಕಪ್ಪಗೆ ಸುಟ್ಟಿತ್ತು.

"ಇದು ಕರೆಂಟೇ ಕೊರೆದದ್ದು ಮೇಡಂ," ಎಂದೆ. ನನಗೆ ಗೆದ್ದಷ್ಟು ಖುಷಿ.

"ಬಿಳಿದ್ರಲ್ಲೂ ಕಿಡಿ ಹಾರಿತ್ತಲ್ಲ. ಅದೂ ಸ್ವಲ್ಪ ಸುಟ್ಟಿರಬೇಕು. ಬರೀ ಕಪ್ಪು ನೋಡಿ ಹೇಳೋ ಹಾಗಿಲ್ಲ," ಎಂದು ನನ್ನ ಖುಷಿಗೆ ಅಲ್ಲೇ ತಡೆ ಹಾಕಿದರು.

ಮಾದರಿ ತಗಡುಗಳನ್ನು ತಮ್ಮ ಲ್ಯಾಬಿಗೆ ಒಯ್ದರು. ಮೊದಲು ಬಣ್ಣದ ದಪ್ಪ ಅಳೆದರು. ಆ ದಪ್ಪಕ್ಕೆ ಸರಿಹೊಂದುವ ವೋಲ್ಟೇಜಿನಲ್ಲಿ ಪೊರಕೆ ಆಡಿಸಿದರು. ಏನೂ ಇಲ್ಲ. ಮತ್ತೆ ಮತ್ತೆ ಆಡಿಸಿದರೂ ಏನೂ ಇಲ್ಲ. ಆಮೇಲೆ ಸೈಟಿನಲ್ಲಿ ತಾವು ಇಟ್ಟಿದ್ದ ವೋಲ್ಟೇಜಿಗೆ ಗುಂಡಿ ತಿರುಗಿಸಿದರು. ಅದು ಬೇಕಾದದ್ದಕ್ಕಿಂತ ಎಷ್ಟೋ ಮೇಲಿತ್ತು. ಮೊದಲ ಸಲ ಬಣ್ಣ ತಾಳಿಕೊಂಡಿತು. ಎರಡನೆಯ ಸಲ ಆಡಿಸುವಾಗ ಮಧ್ಯೆ ಎಲ್ಲೋ ಛಟ್ ಎಂದಿತು.

ಆ ತೂತನ್ನು ಮೈಕ್ರೋಸ್ಕೋಪಿನಲ್ಲಿಟ್ಟೆವು. ನೇರ ಸುರಂಗ. ಹಳದಿ ಸುತ್ತಿನವನ ಅಣ್ಣತಮ್ಮ.

"ಅಷ್ಟು ಮೇಲಕ್ಕೆ ಯಾಕೆ ಇಟ್ಟಿದ್ರಿ ಮೇಡಂ?" ನನಗೆ ಕೇಳದೆ ಇರಲಾಗಲಿಲ್ಲ.

"ಭಯಕ್ಕೆ," ಎಂದರು. "ಒಂದೂ ಉಳೀಬಾರದು ಅಂತ." ಆಮೇಲೆ, ನನಗೆ ಇವತ್ತಿಗೂ ಮರೆಯಲಾಗದ ಹಾಗೆ, ಅವರ ಮುಖ ಅರಳಿತು. "ನೋಡಿ ಕೆಮಿಸ್ಟ್ರಿ! ಗಟ್ಟಿ ಇದ್ದ ಬಣ್ಣವನ್ನ ನಾನೇ ತೂತು ಮಾಡಿ, ತೂತು ಇದೆ ಅಂತ ನಾನೇ ಬರೆದುಕೊಟ್ಟಿದೀನಿ!" ತಪ್ಪು ಮಾಡಿದವರ ಮುಖ ಅಲ್ಲ ಅದು. ವರ್ಷಗಟ್ಟಲೆ ಹುಡುಕಿದ ಕೀಲಿಕೈ ಕೈಗೆ ಸಿಕ್ಕವರ ಮುಖ.

ಆ ಸಂತೋಷವೇ ಅವರಿಗೆ ಮುಳುವಾಯಿತು.

ಬಣ್ಣ ಕೀಳುವ ಯಂತ್ರ ಸೈಟಿಗೆ ಬರುವ ದಿನ ನಾವಿಬ್ಬರೂ ಮೊದಲ ಬಸ್ಸಿಗೇ ಹೋದೆವು. ಎಂಜಿನಿಯರು ಟಾರ್ಪಾಲಿನ ನೆರಳಲ್ಲಿ ಕುಳಿತಿದ್ದರು. ಕೂಲಿಯ ಲೆಕ್ಕ ತೀರಿಸಲು ಸ್ವಾಮೀಗೌಡರನ್ನೂ ಕರೆಸಿದ್ದರು. ಮೇಡಂ ಪೀಠಿಕೆಯಿಲ್ಲದೆ ಹೇಳಿಬಿಟ್ಟರು. ಬಣ್ಣ ಸರಿಯಿದೆ, ನನ್ನ ಪರೀಕ್ಷೆ ತಪ್ಪು, ಆ ತೂತುಗಳಲ್ಲಿ ಬಹುಪಾಲು ನಾನೇ ಮಾಡಿದ್ದು ಎಂದರು.

ಎಂಜಿನಿಯರು ದನಿ ತಗ್ಗಿಸಿ, "ಮೇಡಂ, ವರದಿ ಮೇಲಕ್ಕೆ ಹೋಗಿ ಆಗಿದೆ. ಈಗ ಹೀಗಂದ್ರೆ ನಾಳೆ ನಿಮ್ಮ ಲ್ಯಾಬಿನ ಯಾವ ವರದೀನೂ ಯಾರೂ ನಂಬಲ್ಲ. ಸುಮ್ನೆ ಬಿಟ್ಬಿಡಿ. ಹೊಸ ಬಣ್ಣ ಬಳಿದ್ರೆ ಪೈಪಿಗೇನೂ ನಷ್ಟ ಇಲ್ಲ," ಎಂದರು. ಅವರು ಕೆಟ್ಟವರಲ್ಲ. ಮೇಡಮ್ಮನ್ನು ಉಳಿಸಲೆಂದೇ ಹೇಳಿದ್ದು.

"ಪೈಪಿಗೆ ನಷ್ಟ ಇಲ್ಲ. ಇವರಿಗೆ?" ಎಂದು ಸ್ವಾಮೀಗೌಡರ ಕಡೆ ಕೈ ತೋರಿಸಿದರು. ಆಮೇಲೆ ಚೀಲದಿಂದ ತಗಡನ್ನು ತೆಗೆದು, ಪರೀಕ್ಷೆ ಹೇಗೆ ಮಾಡಿದೆ, ಮೊದಲ ಸಲ ತಾಳಿದ್ದು ಎರಡನೇ ಸಲ ಹೇಗೆ ಸೋತಿತು ಎಂದು ಉತ್ಸಾಹದಿಂದ ವಿವರಿಸತೊಡಗಿದರು. ಹಪ್ಪಳದ ಕ್ಲಾಸಿನಲ್ಲಿ ನಿಂತಂತೆ ನಿಂತಿದ್ದರು. ಮುಖದಲ್ಲಿ ಅದೇ ನಗು.

ಸ್ವಾಮೀಗೌಡರು ಪೂರ್ತಿ ಕೇಳಿಸಿಕೊಂಡರು. ಕೃತಜ್ಞತೆಯ ಮಾತು ಬರುತ್ತದೆ ಎಂದುಕೊಂಡಿದ್ದೆ.

"ನಗ್ತಾ ಇದೀರಲ್ಲ ಮೇಡಮ್ನೋರೆ," ಎಂದರು. "ನಿಮ್ಗೆ ಒಸಾ ಇಚಾರ ಗೊತ್ತಾಯ್ತು, ನಗ್ತೀರ. ನಮ್ಮನ್ನ ಕಳ್ಳರಂಗೆ ಮನೆಗೆ ಕಳ್ಸಿದ್ರಿ. ಊರಾಗೆ ನನ್ ತಮ್ಮ ಮಕ ಎತ್ಕಂಡು ತಿರುಗಾಡಿಲ್ಲ. ಕಲ್ಸೋದ್ರಾಗೆ ಮೋಸ ಮಾಡಿದ್ಯಾ ಅಂತ ನನ್ ಎಂಡ್ತೀನೇ ಕೇಳಿದ್ಲು. ಇದು ನಗೋ ಇಚಾರಾನಾ?"

ಮೇಡಂ ಕೈಯಲ್ಲಿದ್ದ ತಗಡನ್ನು ಮೇಜಿನ ಮೇಲಿಟ್ಟರು. ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಅಲ್ಲ," ಎಂದರು. "ನಗೋ ವಿಚಾರ ಅಲ್ಲ. ತಪ್ಪಾಯ್ತು ಸ್ವಾಮೀಗೌಡರೇ. ಪರೀಕ್ಷೆಯ ತಪ್ಪು ಒಂದು, ಇದು ಇನ್ನೊಂದು."

ಸ್ವಾಮೀಗೌಡರು ಎದ್ದು ಪೈಪಿನ ಕಡೆ ಹೋದರು.

ಬಣ್ಣ ಕೀಳುವುದು ನಿಂತಿತು. ತೂತುಗಳಿಗೆ ತೇಪೆ ಹಚ್ಚಿ, ಸರಿಯಾದ ವೋಲ್ಟೇಜಿನಲ್ಲಿ ಪರೀಕ್ಷಿಸಿ, ಆ ಸಾಲನ್ನೇ ಹೂಳಿದರು. ಕೆಲಸ ಸ್ವಾಮೀಗೌಡರ ತಂಡದ್ದೇ ಆಯಿತು. ಆದರೆ ಎಂಜಿನಿಯರು ಹೇಳಿದ್ದು ಸುಳ್ಳಾಗಲಿಲ್ಲ. ಹೊರಗಿನ ಪರೀಕ್ಷೆಗಳನ್ನು ನಮ್ಮ ಕಾಲೇಜಿಗೆ ಕೊಡುವುದು ನಿಂತಿತು. ಆಡಳಿತದವರು ಮೇಡಮ್ಮನ್ನು ಕರೆದು ಅರ್ಧ ದಿನ ಕೂರಿಸಿ ಮಾತಾಡಿದರು. ಮುಂದಿನ ಸರದಿ ಅವರದ್ದಾಗಬೇಕಿದ್ದ ವಿಭಾಗ ಮುಖ್ಯಸ್ಥರ ಸ್ಥಾನ ಬೇರೆಯವರಿಗೆ ಹೋಯಿತು. ಅದರ ಬಗ್ಗೆ ಅವರು ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ. ಸ್ವಾಮೀಗೌಡರ ಮಾತಿನ ಬಗ್ಗೆ ಮಾತ್ರ ಒಂದೆರಡು ಸಲ ತಾವಾಗಿಯೇ ಎತ್ತಿ, "ಅವರು ಹೇಳಿದ್ದು ಸರಿ ಕೆಮಿಸ್ಟ್ರಿ. ಗೊತ್ತಾದ ಖುಷೀಲಿ ಎದುರಿಗೆ ಯಾರು ನಿಂತಿದಾರೆ ಅಂತ ನನಗೆ ಕಾಣಿಸಲೇ ಇಲ್ಲ," ಎಂದಿದ್ದರು.

ವೈವಾ ಪರೀಕ್ಷೆಯಲ್ಲಿ ಅವರು ಹುಡುಗರನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕಂಗೆಡಿಸುವುದಕ್ಕೆ ಹೆಸರಾಗಿದ್ದವರು. ಒಮ್ಮೆ ನಾನು ಸಲಿಗೆಯಿಂದ, "ಮೇಡಂ, ಇಲ್ಲೂ ಗುಂಡಿ ಸ್ವಲ್ಪ ಕೆಳಗಿಳಿಸಬಹುದಲ್ಲ," ಎಂದೆ.

"ಪೈಪು ಪೈಪು, ಹುಡುಗರು ಹುಡುಗರು. ಅದನ್ನ ಇದಕ್ಕೆ ಹೊಲೀಬೇಡಿ. ಓದ್ಕೊಂಡು ಬರ್ಲಿ," ಎಂದು ಮುಂದಿನ ಹುಡುಗನನ್ನು ಕರೆದರು.

ನಿವೃತ್ತಿಯಾಗಿ ಹೊಳೆನರಸೀಪುರಕ್ಕೆ ಹೋದರು. ಅಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿಯೊಂದರ ಬೆಂಚಿನ ಮೇಲೆ ಸುಟ್ಟ ಮೋಟಾರುಗಳನ್ನು ಮೂಸುತ್ತಾ ಕುಳಿತಿರುತ್ತಾರೆ ಎಂದು ಅವರ ತಂಗಿ ನಗುತ್ತಾ ದೂರುತ್ತಿದ್ದರು. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಮೇಡಂ ನನಗೆ ಫೋನು ಮಾಡಿದರು.

"ಕೆಮಿಸ್ಟ್ರಿ, ಸ್ವಾಮೀಗೌಡರು ಫೋನ್ ಮಾಡಿದ್ರು." ದನಿಯಲ್ಲಿ ಅಳುಕಿತ್ತು. "ನಿಮ್ಮ ಕಟ್ಟಾಯದ ಹತ್ರ ಅವರದ್ದೊಂದು ಸಾಲು ಮುಗಿದಿದೆಯಂತೆ. ಬಂದು ಪೊರಕೆ ಆಡಿಸಿ ಅಂತಿದಾರೆ. ನನ್ನನ್ನ ಯಾಕೆ ಕರೀತಾರೆ ಹೇಳಿ?"

ನನಗೂ ಗೊತ್ತಿರಲಿಲ್ಲ. ಕಟ್ಟಾಯ ನನ್ನ ಹುಟ್ಟೂರು. ಬಸ್ಸಿಳಿದ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಲದ ದಾರಿಯಲ್ಲಿ ಹೋದೆ. ರಾಗಿ ಹೊಲದ ಬದಿಗೆ ಪೈಪುಗಳು ಬಿಸಿಲಿನಲ್ಲಿ ಮಿಂಚುತ್ತಾ ಮಲಗಿದ್ದವು. ಸ್ವಾಮೀಗೌಡರ ಮೀಸೆ ಬೆಳ್ಳಗಾಗಿತ್ತು. ಅವರೇ ಎದುರುಬಂದರು.

"ಇಲ್ಲಿ ಟೆಸ್ಟ್ ಮಾಡೋ ಉಡುಗ್ರು ಅವ್ರೆ ಮೇಡಮ್ನೋರೆ. ಅವ್ರು ನಾಳಿಕ್ಕೆ ಬತ್ತಾರೆ. ಅವ್ರು ಕಣ್ಣು ಮುಚ್ಕಂಡು ಪಾಸ್ ಮಾಡ್ತಾರೆ. ಇದು ನಮ್ಮೋರು ಕುಡಿಯೋ ನೀರು. ಅದುಕ್ಕೇ ನಿಮ್ಮನ್ನ ಕರ್ದೆ."

ಮೇಡಂ ಸೈಟಿನಲ್ಲಿದ್ದ ಪೆಟ್ಟಿಗೆಯನ್ನೇ ಹೆಗಲಿಗೆ ಹಾಕಿಕೊಂಡು ಬಣ್ಣದ ದಪ್ಪವನ್ನು ಅಲ್ಲಲ್ಲಿ ಅಳೆದರು. ಗುಂಡಿ ತಿರುಗಿಸಿ ಎಲ್ಲಿಗೆ ಇಟ್ಟಿದ್ದೇನೆ ಎಂದು ಸ್ವಾಮೀಗೌಡರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆ ಪೊರಕೆ ಆಡಿಸಲು ಶುರುಮಾಡಿದರು. ಒಂದು ಪೈಪು, ಇನ್ನೊಂದು, ಮತ್ತೊಂದು. ಕುಚ್ಚು ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಂಡದವರೆಲ್ಲ ಹಿಂದೆ ಹಿಂದೆ ನಡೆದರು. ಸಾಲಿನ ಕೊನೆ ಬಂತು. ಒಂದೇ ಒಂದು ಕಿಡಿಯಿಲ್ಲ. ಸ್ವಾಮೀಗೌಡರ ತಮ್ಮ ಶಿಳ್ಳೆ ಹಾಕಿದ.

ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದರು. ಹೆಗಲ ಮೇಲಿನ ಸೆರಗಿಗೆ ಚುಚ್ಚಿದ್ದ ಪಿನ್ನನ್ನು ಬಿಚ್ಚಿದರು. ಬಗ್ಗಿದರು. ನಾವೆಲ್ಲ ನೋಡುತ್ತಿದ್ದ ಹಾಗೆ, ಪಿನ್ನಿನ ತುದಿಯನ್ನು ಹೊಸ ಬಣ್ಣಕ್ಕೆ ಒತ್ತಿ, ತಿರುವಿ ತಿರುವಿ ಕಬ್ಬಿಣದವರೆಗೆ ಕೊರೆದರು.

"ಅಯ್ಯೋ! ಏನ್ ಮಾಡ್ಬುಟ್ರಿ ಮೇಡಮ್ನೋರೆ!" ಸ್ವಾಮೀಗೌಡರು ತಲೆಯ ಮೇಲೆ ಕೈ ಹೊತ್ತರು.

ಮೇಡಂ ಆ ಜಾಗದ ಮೇಲೆ ಪೊರಕೆ ಎಳೆದರು. ಛಟ್! ನೀಲಿ ಕಿಡಿ, ಪೆಟ್ಟಿಗೆಯ ಕಿರ್ ಸದ್ದು.

"ಈಗ ನಂಬ್ತೀನಿ," ಎಂದರು. "ಕಿಡಿ ಬರ್ಲಿಲ್ಲ ಅಂದ್ರೆ ಬಣ್ಣ ಚೆನ್ನಾಗಿರಬಹುದು, ಪೊರಕೆ ಸತ್ತಿರಲೂಬಹುದು. ಪೊರಕೆ ಬದುಕಿದೆ. ಬಣ್ಣ ಚೆನ್ನಾಗಿದೆ ಸ್ವಾಮೀಗೌಡರೇ. ಬಹಳ ಚೆನ್ನಾಗಿದೆ."

ಸ್ವಾಮೀಗೌಡರು ತಲೆಯ ಮೇಲಿದ್ದ ಕೈ ಇಳಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ತಂಡದವರೂ ನಕ್ಕರು. ಮೇಡಂ ಎಲ್ಲರ ಮುಖವನ್ನೂ ಒಂದು ಸಲ ನೋಡಿ, ಕೊನೆಗೆ ತಾವೂ ನಕ್ಕರು. ಸ್ವಾಮೀಗೌಡರು ಚಿಕ್ಕ ಬಟ್ಟಲಲ್ಲಿ ಬಣ್ಣ ಕಲಸಿ, ಒಂದು ಬ್ರಷ್ಷು ಅವರ ಕೈಗೆ ಕೊಟ್ಟರು.

"ನೀವ್ ಮಾಡಿದ್ದು. ನೀವೇ ಮುಚ್ಚಿ."

ಮೇಡಂ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತು ಬಳಿದರು. "ಇನ್ನೊಸಿ ಅಗಲಕ್ಕೆ ಬಳೀರಿ, ಅಂಚು ತೆಳ್ಳಗಾಗ್ಬಾರ್ದು," ಎಂದು ಸ್ವಾಮೀಗೌಡರು ಮೇಲೆ ನಿಂತು ಹೇಳುತ್ತಾ ಹೋದರು. ಇಡೀ ಸಾಲಿಗೆ ಅದೊಂದೇ ತೇಪೆ.

"ಒಣಗಿದ ಮೇಲೆ ಇದೊಂದಕ್ಕೆ ಮತ್ತೆ ಪೊರಕೆ ಆಡಿಸ್ಬೇಕು," ಎಂದು ಮೇಡಂ ಎದ್ದರು.

"ಬ್ಯಾಡಿ ಬುಡಿ. ನೀವ್ ಮಾಡಿದ್ ಕೆಲ್ಸ. ನಾನು ನಂಬ್ತೀನಿ."

"ನಂಬಬೇಡಿ," ಎಂದರು ಮೇಡಂ. "ನಾಳೆ ಬರ್ತೀನಿ."

ಬಂದರು. ಮಾರನೆಯ ದಿನ ಬಿಸಿಲೇರುವ ಮುಂಚೆಯೇ ಬಸ್ಸಿಳಿದು ಹೊಲದ ದಾರಿಯಲ್ಲಿ ಒಬ್ಬರೇ ನಡೆದುಕೊಂಡು ಬಂದಿದ್ದರು. ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಗುಂಡಿ ಇನ್ನೊಮ್ಮೆ ನೋಡಿ, ತಮ್ಮ ತೇಪೆಯ ಮೇಲೆ ಪೊರಕೆಯನ್ನು ಒಂದೇ ಒಂದು ಸಲ ಎಳೆದರು. ಸದ್ದಿಲ್ಲ. ಸ್ವಾಮೀಗೌಡರು, ಅಗೆದ ಕಾಲುವೆಗೆ ಪೈಪು ಇಳಿಸಲು ಕಾದಿದ್ದ ಕ್ರೇನಿನವನ ಕಡೆ ನೋಡಿ, ಮೇಡಂ ಕಡೆ ತಿರುಗಿದರು.

"ಇಳಿಸಿ," ಎಂದರು ಮೇಡಂ.